ಎರೆಹೊಲದ ಕೆಸರಿನಲ್ಲಿ ನಡೆಯುವ ಬಂಡಿಗೆ ಅಗ್ಗದ ಪಟ್ಟಿ

ಆಳಂದ ತಾಲ್ಲೂಕಿನ ಜಿಡಗಾ ಗ್ರಾಮದ ಸುತ್ತಲೂ, ಅಫಜಲಪುರ ಜೇವರ್ಗಿ ತಾಲ್ಲೂಕುಗಳ ಬಹುಭಾಗದಲ್ಲಿಯೂ ಇರುವುದು ಎರೆಭೂಮಿಯೇ. ಮುಂಗಾರಿನಲ್ಲಿ ಬಿತ್ತಿದ ಹೆಸರು, ಉದ್ದುಗಳು ಶ್ರಾವಣ ಭಾದ್ರಪದಗಳಲ್ಲಿ ಕೀಳಲು ಬರುತ್ತವೆ; ಮಳೆಯು ಜಡಿ ಹಿಡಿಯುವುದೂ ಅನೇಕ ವರ್ಷ ಅದೇ ಕಾಲದಲ್ಲಿ. ಕಿತ್ತು ಒಟ್ಟಿದ ಹೆಸರು ಹೊಲದಲ್ಲಿಯೇ ನಾಲ್ಕು ದಿನ ನೆನೆದರೆ ಕಾಯೊಳಗಣ ಕಾಳು ಮೊಳೆತು ಹೋಗುವುದು. ಕಣಕ್ಕೆ ಸಾಗಿಸೋಣವೆಂದರೆ ಎತ್ತಿನ ಬಂಡಿಯು ಅಚ್ಚಿನವರೆಗೆ ಹೂಳುತ್ತದೆ, ಟ್ರ್ಯಾಕ್ಟರು ತಾನು ಸಿಕ್ಕಿಕೊಂಡು ಬಿಡಿಸಲು ಇನ್ನೊಂದನ್ನು ಬೇಡುತ್ತದೆ. ಕಡೆಗೆ ತಲೆಹೊರೆಯೇ ಗತಿ. ಬೆಳೆ ಕೈಗೆ ಬಂದೂ ಮನೆಗೆ ಬಾರದಂತಾಗುವುದು ಈ ಕೆಸರಿನಿಂದಲೇ.

ಜೌಗು ನೆಲದಲ್ಲಿಯೂ ನಿಂತ ನೀರಿನಲ್ಲಿಯೂ ಚಲಿಸಲೆಂದು ಆರು ಅಥವಾ ಎಂಟು ಸಣ್ಣ ಚಕ್ರಗಳುಳ್ಳ, ದೋಣಿಯಂಥ ಒಡಲಿನ ಬಂಡಿಗಳು 1960ರ ದಶಕದಲ್ಲಿ ಕೆನಡಾ ದೇಶದಲ್ಲಿ ಹುಟ್ಟಿದವು. ಇವುಗಳ ಎಲ್ಲ ಚಕ್ರಗಳೂ ಒಂದೇ ಅಳತೆಯವು, ಎಲ್ಲವೂ ಇಂಜಿನಿನಿಂದಲೇ ತಿರುಗುವವು. ಆದುದರಿಂದ ಒಂದು ಪಕ್ಕದ ಚಕ್ರಗಳನ್ನೆಲ್ಲ ಬಳಸಿ ಒಂದು ಪಟ್ಟಿಯನ್ನು ಸುತ್ತಬಹುದು. ಕಾರ್ಖಾನೆಯ ಪಟ್ಟಿಗೆ ಬೆಲೆ ಬಹಳ. ಬಡಿಗನೂ ಕಮ್ಮಾರನೂ ಕೂಡಿದರೆ ಊರಿನಲ್ಲಿಯೇ ಅದನ್ನು ಕಟ್ಟಬಹುದು. ಇದು ಹೊಸ ಸಾಹಸವೂ ಅಲ್ಲ. ಅಮೇರಿಕದ ಕ್ಯಾಲಿಫೋರ್ನಿಯಾ ಪ್ರಾಂತದಲ್ಲಿ ಬೆಂಜಮಿನ್ ಹೋಲ್ಟ್ ಎಂಬಾತನು 1904ನೆಯ ನವೆಂಬರಿನಲ್ಲಿ ಸ್ಟಾಕ್ಟನ್ನಿನ ಬಳಿಯ ಮೆತ್ತನೆಯ ನದೀಮುಖ ಭೂಮಿಯಲ್ಲಿ ಪರೀಕ್ಷಿಸಿದ ಹಬೆಯಂತ್ರದ ಪಟ್ಟಿಯೂ ಸರಪಳಿಗೆ ಮರದ ತುಂಡುಗಳನ್ನು ಬಿಗಿದು ಮಾಡಿದುದೇ ಆಗಿತ್ತು.

ಪಟ್ಟಿಯಿಂದಾಗುವ ಲಾಭವನ್ನು ಲೆಕ್ಕದಿಂದ ತಿಳಿಯಬಹುದು. ಹೊರೆಯೂ ಸೇರಿ 800 ಕಿಲೋ ತೂಗುವ ಆರು ಚಕ್ರದ ಬಂಡಿಯಲ್ಲಿ ಪ್ರತಿಯೊಂದು ಟೈರು 500 ಚದರ ಸೆಂಟಿಮೀಟರಿನಷ್ಟು ನೆಲವನ್ನು ಮುಟ್ಟುವುದೆಂದು ಹಿಡಿದರೆ, ಚದರ ಸೆಂಟಿಮೀಟರಿಗೆ ಬೀಳುವ ಭಾರ ಸುಮಾರು 270 ಗ್ರಾಂ. 40 ಸೆಂಟಿಮೀಟರು ಅಗಲದ ಎರಡು ಪಟ್ಟಿಗಳು 150 ಸೆಂಟಿಮೀಟರು ಉದ್ದಕ್ಕೆ ನೆಲದ ಮೇಲೆ ಕೂತರೆ, ಪಟ್ಟಿಗಳ ತೂಕ 100 ಕಿಲೋ ಕೂಡಿಸಿದರೂ ಆ ಭಾರ 75 ಗ್ರಾಮಿಗೆ ಇಳಿಯುವುದು. 400 ಕಿಲೋ ತೂಗುವ ಎತ್ತು ತನ್ನ ಗೊರಸುಗಳಿಂದ ಒಂದು ಕಿಲೋವಿಗೂ ಹೆಚ್ಚಾಗಿ ಒತ್ತುತ್ತದೆ. ಆದರೆ ಈ ಲೆಕ್ಕವನ್ನು ಪೂರ್ತಿಯಾಗಿ ನಂಬತಕ್ಕದ್ದಲ್ಲ. ಬಳುಕುವ ಪಟ್ಟಿಯು ಚಕ್ರದ ಅಡಿಯಲ್ಲಿ ಹೆಚ್ಚು ಒತ್ತಿ, ಚಕ್ರಗಳ ನಡುವೆ ಸಡಿಲವಾಗಿರುವುದು. ಅದಕ್ಕೇ ಆರಕ್ಕಿಂತ ಎಂಟು ಚಕ್ರ ಮೇಲು.

ಪಟ್ಟಿಗೆ ಬೇಕಾದ ಮುಖ್ಯ ವಸ್ತು ಕಾರ್ಖಾನೆಗಳಲ್ಲಿ ಕಲ್ಲು, ಕಲ್ಲಿದ್ದಲು ಸಾಗಿಸಿ ಸವೆದ ರಬ್ಬರು ಪಟ್ಟೆ. ಶಹಾಬಾದ, ವಾಡಿ, ಸೇಡಂಗಳಂಥ ಸಿಮೆಂಟಿನ ಊರುಗಳು ಇದೇ ಜಿಲ್ಲೆಯಲ್ಲಿರುವುದರಿಂದ ಹಳೆಯ ಸಾಮಾನಿನವರಲ್ಲಿ ವಿಚಾರಿಸಿ ನೋಡಬಹುದು. ಒಳಗೆ ಬಟ್ಟೆಯ ಪದರಗಳಿರುವ, 10 ಮಿಲಿಮೀಟರು ದಪ್ಪದ ಪಟ್ಟೆಯೇ ಬೇಕು. ಉಕ್ಕಿನ ತಂತಿಯುಳ್ಳದ್ದನ್ನು ಕೊಯ್ಯುವುದೂ ತೂತು ಹಾಕುವುದೂ ಕಷ್ಟ.

ಅಗಲವಾದ ಒಂದೇ ಪಟ್ಟೆಯನ್ನು ಹಾಕಬೇಕೆಂಬ ಆಸೆ ಸಹಜ. ನಮ್ಮ ನೆಲಕ್ಕೆ ಅದು ಹೊಂದದು. ಎರೆಮಣ್ಣು ಟೈರಿಗೂ ಪಟ್ಟೆಗೂ ನಡುವೆ ಸೇರಿ ಹೊರಬರಲು ದಾರಿಯಿಲ್ಲದೆ ಗಟ್ಟಿಯಾಗುವುದು, ಪಟ್ಟೆಯನ್ನು ಹಿಗ್ಗಿಸಿ ಕಡೆಗೆ ಹರಿಯುವುದು. ಆದಕಾರಣ 10 ಸೆಂಟಿಮೀಟರು ಅಗಲದ ಎರಡು ಸೀಳುಗಳನ್ನು ನಡುವೆ 15 ಸೆಂಟಿಮೀಟರು ತೆರವು ಬಿಟ್ಟು ಜೋಡಿಸಬೇಕು. 28 ಸೆಂಟಿಮೀಟರು ಅಗಲದ ಟೈರು ಎರಡರ ಮೇಲೂ ಕೂರುವುದು. ನಡುವಣ ತೆರವಿನಿಂದ ಮಣ್ಣು ಹೊರಬೀಳುವುದು. ಟೈರಿನ ಹಲ್ಲುಗಳೂ ಅಲ್ಲಿ ಅಡ್ಡಪಟ್ಟಿಗಳನ್ನು ಕಚ್ಚಿ ತಳ್ಳುವುವು. ಬರಿಯ ತಿಕ್ಕಾಟವನ್ನೇ ನಂಬಿದರೆ ಕೆಸರಿನಲ್ಲಿ ಚಕ್ರ ತಿರುಗೀತು, ಪಟ್ಟಿ ನಿಂತೀತು.

ಅಡ್ಡಪಟ್ಟಿಗಳಿಗೆ ಜಾಲಿ ಮರವೇ ಉತ್ತಮ. ನೇಗಿಲು, ಗಾಲಿಗಳಲ್ಲಿ ಅದರ ಗುಣವನ್ನು ಒಕ್ಕಲಿಗರು ಬಲ್ಲರು. 40 ಸೆಂಟಿಮೀಟರು ಉದ್ದ, 5 ಅಗಲ, 4 ದಪ್ಪವಾಗಿ ಕೊಯ್ದು, ತಿರುಗುವಾಗ ನೆಲವನ್ನು ಅಗೆಯದಂತೆ ತುದಿಗಳ ಕೆಳಮೈಯನ್ನು ಓರೆಯಾಗಿ ಹೆರೆಯಬೇಕು. ಹಸಿಮರವು ಒಣಗಿದಂತೆ ಬೋಲ್ಟು ಸಡಿಲುವುದರಿಂದ ಚೆನ್ನಾಗಿ ಆರಿದ ಮರವನ್ನೇ ಆರಿಸತಕ್ಕದ್ದು. ಪ್ರತಿ ಅಡ್ಡಪಟ್ಟಿಗೆ ನಾಲ್ಕು ಬೋಲ್ಟು. ಗುಂಡುತಲೆ ಟೈರಿನ ಕಡೆಗೂ, ಅಗಲವಾದ ವಾಷರಿನೊಡನೆ ನಟ್ಟು ನೆಲದ ಕಡೆಗೂ ಇರಬೇಕು. ತಿರುಗಿಸಿ ಹಾಕಿದರೆ ಟೈರು ಒಂದೇ ದಿನದಲ್ಲಿ ಹಾಳಾದೀತು. ಪಟ್ಟಿಯು ಪಕ್ಕಕ್ಕೆ ಜಾರಿ ಕಳಚದಂತೆ, ಟೈರಿನ ಎರಡು ಮಗ್ಗುಲಿಗೂ ಒಂದೊಂದು ಸೆಂಟಿಮೀಟರು ಸಂದು ಬಿಟ್ಟು, ಬಾಗಿಸಿದ ಕಬ್ಬಿಣದ ಕಿವಿಗಳನ್ನು ಅದೇ ಬೋಲ್ಟುಗಳಿಂದ ಬಿಗಿಯಬೇಕು.

ಉದ್ದವನ್ನು ಕಣ್ಣಂದಾಜಿನಿಂದ ಕತ್ತರಿಸುವವರೇ ಹೆಚ್ಚಾಗಿ ಕೆಡುವರು. ಮೊದಲ ಚಕ್ರದ ನಡುವಿನಿಂದ ಕೊನೆಯದರ ನಡುವಿಗೆ 150 ಸೆಂಟಿಮೀಟರು, ಟೈರಿನ ಎತ್ತರ 60 ಸೆಂಟಿಮೀಟರು ಎಂದಿಟ್ಟುಕೊಳ್ಳೋಣ. ಪಟ್ಟೆಯ ಅರೆದಪ್ಪವನ್ನು ಎರಡು ಬದಿಗೂ ಕೂಡಿಸಿದರೆ ವ್ಯಾಸ 61. ಅದನ್ನು 3.14ರಿಂದ ಗುಣಿಸಿ, 150ರ ಇಮ್ಮಡಿಯನ್ನು ಸೇರಿಸಿದರೆ ಸುತ್ತಳತೆ ಸುಮಾರು 491.5. ಇದರಲ್ಲಿ 33 ಅಡ್ಡಪಟ್ಟಿಗಳು 14.9 ಸೆಂಟಿಮೀಟರಿಗೆ ಒಂದರಂತೆ ಸರಿಯಾಗಿ ಕೂರುತ್ತವೆ. 15 ಎಂದು ಸುಲಭವಾಗಿ ಹಿಡಿದರೆ ಕೂಡುವ ಕಡೆಯಲ್ಲಿ ಒಂದು ಸಂದು ಹೆಚ್ಚುಕಡಿಮೆಯಾಗಿ, ಸುತ್ತಿಗೊಮ್ಮೆ ಬಂಡಿ ಕುಲುಕುವುದು. ತುದಿಗಳನ್ನು ಅರ್ಧರ್ಧ ಪದರ ಹೆರೆದು, 25 ಸೆಂಟಿಮೀಟರು ಒಂದರ ಮೇಲೊಂದಿಟ್ಟು, ಎರಡು ಅಡ್ಡಪಟ್ಟಿಗಳ ಅಡಿಯಲ್ಲಿ ಬಿಗಿಯಬೇಕು. ಈ ಹೆಚ್ಚಳವನ್ನು ಕತ್ತರಿಸುವ ಮೊದಲೇ ಲೆಕ್ಕಕ್ಕೆ ತರಬೇಕು.

ತೊಡಿಸುವಾಗ ಟೈರುಗಳ ಗಾಳಿಯನ್ನು ಇಳಿಸಿ, ಪಟ್ಟಿಯನ್ನು ಏರಿಸಿ, ಮತ್ತೆ ಗಾಳಿ ತುಂಬಿದರೆ ತಾನೇ ಬಿಗಿಯಾಗುವುದು. ಮೇಲಣ ಭಾಗವನ್ನು ಕೈಯಿಂದ ಒತ್ತಿದರೆ ಎರಡು ಮೂರು ಸೆಂಟಿಮೀಟರು ಬಗ್ಗುವಷ್ಟಿದ್ದರೆ ಸಾಕು. ಮೊದಲ ದಿನದ ಕೆಲಸವಾದ ಮೇಲೆ ಎಲ್ಲ ನಟ್ಟುಗಳನ್ನೂ ಮರಳಿ ಬಿಗಿಯಬೇಕು. ಇದಕ್ಕೆ ಬೇಸರಪಟ್ಟವರ ಬೋಲ್ಟುಗಳು ಹೊಲದಲ್ಲಿ ಬಿದ್ದು ಮುಂದೆ ಕುಂಟೆಗೆ ಸಿಕ್ಕುವುವು.

ಎರೆಯು ತೀರ ನೀರಾಗಿದ್ದಾಗ ಪಟ್ಟಿಯು ಹಗುರವಾಗಿ ಹೋಗುವುದು. ಮಳೆ ನಿಂತು ಒಂದೆರಡು ದಿನವಾದ ಅಂಟುಹದದಲ್ಲಿಯೇ ಮಣ್ಣು ಹೆಚ್ಚು ಮೆತ್ತುವುದು. ಆಗ ಸರದಿಗೊಮ್ಮೆ ಗುದ್ದಲಿಯಿಂದ ಕೆರೆದು ತೆಗೆಯದಿದ್ದರೆ ಪಟ್ಟಿ ಹರಿಯುವುದು, ಇಲ್ಲವೆ ಒಳಗಣ ಸರಪಳಿ ತುಂಡಾಗುವುದು. ಹಸಿಹೊಲದಲ್ಲಿ ಎಲ್ಲೆಂದರಲ್ಲಿ ಓಡಾಡದೆ ಬದುವಿನ ಪಕ್ಕದ ಒಂದೇ ಜಾಡಿನಲ್ಲಿ ಹೋಗಿಬರಬೇಕು. ಭಾರ ಕಡಿಮೆಯಾದರೂ ಹಸಿ ಎರೆ ತುಳಿದಲ್ಲಿ ಬಿಗಿಯುತ್ತದೆ. ಈ ಬಂಡಿಗಳು ಒಂದು ಪಕ್ಕವನ್ನು ತಡೆದು ತಿರುಗುವಂಥವಾದ್ದರಿಂದ ಡಾಂಬರು ರಸ್ತೆಯಲ್ಲಿ ಒಮ್ಮೆಲೆ ತಿರುಗಿಸಿದರೆ ಕಿವಿಗಳು ಮುರಿಯುವುವು.

ನೀರಿನಲ್ಲಿ ಅಡ್ಡಪಟ್ಟಿಗಳು ಹುಟ್ಟಿನಂತೆ ತಳ್ಳುವುವಾದರೂ, ಪಟ್ಟಿಯ ತೂಕದಷ್ಟು ಹೊರೆಯನ್ನು ಇಳಿಸಿಯೇ ಇಳಿಯಬೇಕು. ಅದೂ ನಿಂತ ನೀರಿಗೆ ಮಾತ್ರ. 2020ರ ಅಕ್ಟೋಬರಿನಲ್ಲಿ ಭೀಮೆ ಉಕ್ಕಿ ಅಫಜಲಪುರ, ಜೇವರ್ಗಿಗಳ ಹೊಳೆದಂಡೆಯ ಊರುಗಳನ್ನು ಮುತ್ತಿದಾಗ ಹರಿದಂಥ ಸೆಳವಿಗೆ ಕಾಲ್ನಡಿಗೆಯ ವೇಗದ ಈ ಬಂಡಿಯನ್ನು ಒಡ್ಡಲಾಗದು. ನೆರೆ ಇಳಿದ ಮೇಲೆ ರಾಡಿಯಲ್ಲಿ ಕಾಳು, ಮೇವು, ಕುಡಿಯುವ ನೀರನ್ನು ಮುಟ್ಟಿಸಲು ಇದನ್ನು ಹೂಡಬಹುದು.