ರಂಗೋಲಿ ಮುಂದೆ ಕೂತವಳು ಏಳಲಿಲ್ಲ

ಧನುರ್ಮಾಸದ ಬೆಳಗ್ಗೆ ಐದೂಮುಕ್ಕಾಲು. ಬಸವೇಶ್ವರನಗರದ ನಮ್ಮ ಮನೆ ಗೇಟಿನ ಮುಂದೆ ಹನ್ನೊಂದು ಚುಕ್ಕಿಯ ರಂಗೋಲಿ ಮುಗಿಸಿ, ಕುಕ್ಕರಗಾಲಲ್ಲಿ ಕೂತಿದ್ದವಳು ಏಳಲು ಹೋದೆ. ಆಗಲಿಲ್ಲ.

ನೋವಿರಲಿಲ್ಲ, ಅದೇ ವಿಚಿತ್ರ. ಮಂಡಿ ಹಿಡಿದಿರಲಿಲ್ಲ, ತಲೆ ಸುತ್ತಿರಲಿಲ್ಲ. ಏಳು ಅಂದರೆ ತೊಡೆ ಕೇಳಿಸಿಕೊಳ್ಳಲಿಲ್ಲ, ಅಷ್ಟೆ. ಅಂಗೈ ಊರಿದೆ, ಆಗತಾನೇ ನೀರು ಹಾಕಿದ ನೆಲ, ಜಾರಿ ಹಾಗೇ ಕುಸಿದು ಕೂತೆ. ಕಮಲದ ಎರಡು ಎಸಳು ಸೀರೆಗೆ ಮೆತ್ತಿಕೊಂಡವು. ಗೇಟಿನ ಸರಳು ಕೈಗೆ ಒಂದು ಗೇಣು ಆಚೆ. ಒಳಗೆ ನಮ್ಮವರು ಸುಪ್ರಭಾತ ಜೋರಾಗಿ ಹಾಕಿಕೊಂಡು ಡಿಕಾಕ್ಷನ್ ಇಳಿಸುತ್ತಿದ್ದರು. ಎರಡು ಸಲ ಕೂಗಿದೆ, ಮೂರನೆಯದಕ್ಕೆ ನಾಚಿಕೆಯಾಯಿತು. ಪೇಪರ್ ಹುಡುಗ ಸೈಕಲ್ಲಿನಲ್ಲಿ ಬಂದವನು ನನ್ನ ತಲೆ ಮೇಲಿಂದಲೇ ಪೇಪರನ್ನು ವರಾಂಡಕ್ಕೆ ಎಸೆದು ಹೋದ. ರಂಗೋಲಿ ಇಡುತ್ತಿದ್ದಾರೆ ಅಂದುಕೊಂಡಿರಬೇಕು. ನಾನೂ ಹಾಗೇ ನಟಿಸಿದೆ. ಮುಗಿದ ಎಸಳಿನ ಮೇಲೆ ಇನ್ನೊಂದು ಗೆರೆ ಎಳೆದೆ. ಕೊನೆಗೆ ಹೂವಿನವಳು ಬುಟ್ಟಿ ಇಳಿಸಿ, ಕಂಕುಳಿಗೆ ಕೈ ಕೊಟ್ಟು ಎತ್ತಿದಳು. “ನಿಧಾನ, ಅಜ್ಜಿ” ಅಂದಳು. ಹಿಂದಿನ ದಿನದವರೆಗೆ ನಾನು ಅವಳಿಗೆ ಟೀಚರಮ್ಮ ಆಗಿದ್ದೆ.

ಅರವತ್ತಾರಕ್ಕೆ ಇದೆಲ್ಲ ಸಹಜ ಅನ್ನುವವರು ಇದ್ದಾರೆ. ನಾನು ಸೋಮಾರಿಯಲ್ಲ. ಸಕ್ಕರೆ ಕಾಯಿಲೆ ಬಂದ ಹನ್ನೆರಡು ವರ್ಷದಲ್ಲಿ ಪಾರ್ಕಿನ ಆರು ಸುತ್ತು ತಪ್ಪಿಸಿದ್ದು ಕೊರೊನಾ ಕಾಲದಲ್ಲಿ ಮಾತ್ರ. ಅನ್ನ ಬಿಟ್ಟೆ. ರಾತ್ರಿ ಒಂದು ಲೋಟ ರಾಗಿ ಗಂಜಿ. ಒಂದೂವರೆ ವರ್ಷದಲ್ಲಿ 64 ಕೆಜಿಯಿಂದ 53ಕ್ಕೆ ಇಳಿದೆ, ರಕ್ತದ ಸಕ್ಕರೆಯ ಸರಾಸರಿ ಹೇಳುವ ಎಚ್‌ಬಿಎ1ಸಿ 6.4. ಮೂವತ್ತೊಂದು ವರ್ಷ ಗಣಿತ ಪಾಠ ಮಾಡಿದವಳಿಗೆ ಅಂಕಿ ಇಳಿದರೆ ಅದೇ ಹಬ್ಬ. ಮದುವೆ ಮನೆಗಳಲ್ಲಿ “ಎಷ್ಟು ಸ್ಲಿಮ್ ಆಗಿದ್ದೀರಿ” ಅಂದರೆ ಇನ್ನೊಂದು ತುತ್ತು ಬಿಡುತ್ತಿದ್ದೆ. ಆಮೇಲೆ ಅದೇ ಗಂಜಿ ಕುಡಿಯುತ್ತಿದ್ದರೂ 7.4ಕ್ಕೆ ಏರಿತು. ನಾನು ಹೋಗುವ ಕ್ಲಿನಿಕ್ಕಿನ ಡಾಕ್ಟರು ರಿಪೋರ್ಟಿನಿಂದ ಕಣ್ಣೆತ್ತದೆ ಮೆಟ್‌ಫಾರ್ಮಿನ್ ಜೊತೆಗೆ ಗ್ಲಿಮೆಪಿರೈಡ್ ಸೇರಿಸಿದರು. ಒಂದೇ ಒಂದು ಸಲ ನನ್ನ ಕಾಲು ನೋಡಿದ್ದರೆ!

ನೋಡಿದ್ದು ರಾಜಾಜಿನಗರದ ಒಬ್ಬಳು ಫಿಸಿಯೋಥೆರಪಿ ಹುಡುಗಿ. ಕೈ ಕಟ್ಟಿಕೊಂಡು ಕುರ್ಚಿಯಿಂದ ಐದು ಸಲ ಎದ್ದು ಕೂರಿ ಅಂದಳು. 23 ಸೆಕೆಂಡು. ಏಷ್ಯಾದ ತಜ್ಞರ 2019ರ ಲೆಕ್ಕದಲ್ಲಿ 12 ತಲುಪಿದರೇ ಸ್ನಾಯು ಸವೆದಿರುವ ಅನುಮಾನ. ಮೀನಖಂಡಕ್ಕೆ ಟೇಪು ಸುತ್ತಿದಳು: 30 ಸೆಂಟಿಮೀಟರ್. ಹೆಂಗಸರಿಗೆ 33 ಇರಬೇಕಂತೆ. ಈ ಸವೆತಕ್ಕೆ ಸಾರ್ಕೋಪೀನಿಯಾ ಅಂತ ಹೆಸರಿಟ್ಟದ್ದೇ 1989ರಲ್ಲಿ. ಅಷ್ಟರಲ್ಲಿ ನಾನು ಮೇಷ್ಟರ ಕೆಲಸಕ್ಕೆ ಸೇರಿಯಾಗಿತ್ತು.

ಅವಳು ಹೇಳಿದ್ದನ್ನು ನನ್ನ ಮಾತಿನಲ್ಲಿ ಹೇಳುತ್ತೇನೆ. ಊಟವಾದ ಮೇಲೆ ರಕ್ತಕ್ಕೆ ಬರುವ ಸಕ್ಕರೆಯಲ್ಲಿ ದೊಡ್ಡ ಪಾಲನ್ನು ಇನ್ಸುಲಿನ್ ತುಂಬಿಸುವುದು ಸ್ನಾಯುವಿಗೆ. ಸುಗ್ಗಿಯ ರಾಗಿಗೆ ಕಣಜ ಇದ್ದ ಹಾಗೆ. ಹನ್ನೊಂದು ಕೆಜಿ ಇಳಿಸುವಾಗ ಕೊಬ್ಬಿನ ಜೊತೆ ನಾನು ಕಣಜವನ್ನೂ ಕೆಡವಿದ್ದೆ; ಆಮೇಲೆ ರಾಗಿ ಅಂಗಳದಲ್ಲಿ ಚೆಲ್ಲಿದೆ ಅಂತ ರಾಗಿಯನ್ನು ಬೈಯುತ್ತಿದ್ದೆ. ಇನ್ನೊಂದು ಗುಟ್ಟು: ಸ್ನಾಯು ಬಿಗಿದು ದುಡಿದಾಗ ಇನ್ಸುಲಿನ್ನಿನ ಅಪ್ಪಣೆಗೆ ಕಾಯದೆ ತಾನೇ ಸಕ್ಕರೆ ಎಳೆದುಕೊಳ್ಳುತ್ತದೆ. ಗ್ಲೂಟ್-4 ಅನ್ನುವ ಪ್ರೋಟೀನು ಜೀವಕೋಶದ ಹೊರಪದರಕ್ಕೆ ಬಂದು ಬಾಗಿಲು ತೆಗೆಯುತ್ತದಂತೆ. ವ್ಯಾಯಾಮದ ಗುಣ ಒಂದೆರಡು ದಿನ ಉಳಿಯುತ್ತದೆ, ಅದಕ್ಕೇ ಎರಡು ದಿನ ಸತತ ಬಿಡಬಾರದು. ನಡಿಗೆ ಸಕ್ಕರೆಗೂ ಹೃದಯಕ್ಕೂ ಒಳ್ಳೆಯದೇ, ಆದರೆ ತೊಡೆ ಕಟ್ಟಲು ಅದೊಂದೇ ಸಾಲದು. ಭಾರ ಎತ್ತಬೇಕು, ಬಸ್ಕಿ ಹೊಡೆಯಬೇಕು.

ನನ್ನ ನಾದಿನಿ ಕೇಳಿದವಳೇ “ಈ ವಯಸ್ಸಲ್ಲಿ ಭಾರ ಎತ್ತಿದರೆ ಗರ್ಭಕೋಶ ಜಾರುತ್ತೆ” ಅಂದಳು. ನನ್ನ ಗರ್ಭಕೋಶ ತೆಗೆದು ಹದಿನೆಂಟು ವರ್ಷವಾಗಿದೆ. ಆಗ ಆಸ್ಪತ್ರೆಗೆ ಊಟ ತಂದವಳೇ ಅವಳು. 1990ರಲ್ಲಿ ಬಾಸ್ಟನ್ನಿನ ಒಂದು ವೃದ್ಧಾಶ್ರಮದಲ್ಲಿ ಸರಾಸರಿ 90 ವರ್ಷದವರಿಗೆ ಎಂಟು ವಾರ ಭಾರ ಎತ್ತಿಸಿದರು. ಕಾಲಿನ ಬಲ ಸರಾಸರಿ ಶೇ. 174 ಹೆಚ್ಚಿತು. ಅವಳಿಗೆ ಇದನ್ನು ಹೇಳಿದೆ. “ಅಮೆರಿಕದವರು ತಿನ್ನೋದೇ ಬೇರೆ” ಅಂದಳು. (ಅಲ್ಲಿ ಇಲ್ಲಿ ಅನ್ನುವುದೇಕೆ, ‘ಶಾಂತಲಾ’ ಬರೆದ ಕೆ.ವಿ. ಅಯ್ಯರ್ ಇದೇ ಬೆಂಗಳೂರಿನಲ್ಲಿ ವ್ಯಾಯಾಮಶಾಲೆ ನಡೆಸಿದವರು. ಕಾದಂಬರಿ ಮೂರು ಸಲ ಓದಿದ್ದೆ. ಅವರ ಆ ಇನ್ನೊಂದು ಕೆಲಸಕ್ಕೂ ನನಗೂ ಸಂಬಂಧವಿದೆ ಅನ್ನಿಸಿರಲೇ ಇಲ್ಲ.)

ಹುಡುಗಿ ಹೇಳಿದಂತೆ ಶುರು ಮಾಡಿದೆ: ಕುರ್ಚಿಯಿಂದ ಎದ್ದು ಕೂರುವುದು ಹತ್ತರಂತೆ ಮೂರು ಸಲ, ಗೋಡೆಗೆ ಕೈಯೂರಿ ದಂಡ, ಎತ್ತಲು ಎರಡು ಲೀಟರ್ ನೀರಿನ ಬಾಟಲಿ. ತಟ್ಟೆಗೆ ಹೆಸರುಕಾಳು ಉಸಲಿ, ಮೊಸರು, ಪನೀರ್. ಅದೂ ಮೂತ್ರಪಿಂಡ ಸರಿಯಿದೆಯೇ ಅಂತ ಕ್ರಿಯಾಟಿನಿನ್ ಪರೀಕ್ಷೆ ಮಾಡಿಸಿದ ಮೇಲೆಯೇ. ಎರಡು ತಿಂಗಳಿಗೆ 15 ಸೆಕೆಂಡು.

ಅಲ್ಲಿ ನನ್ನ ಜಂಭ ತಲೆ ಎತ್ತಿತು. ಯುಗಾದಿಗೆ ಎರಡು ದಿನ ಮುಂಚೆ ಗ್ಲಿಮೆಪಿರೈಡ್ ನುಂಗಿ, ಒಂದೇ ಇಡ್ಲಿ ತಿಂದು, ವ್ಯಾಯಾಮವನ್ನೂ ಮುಗಿಸಿ, ಹಾವನೂರು ಸರ್ಕಲ್ಲಿನಿಂದ ಟೋಲ್‌ಗೇಟ್ ದಾಟಿ ವಿಜಯನಗರ ಮಾರ್ಕೆಟ್ಟಿನವರೆಗೆ ನಡೆದೇ ಹೋದೆ. ಬೆಲ್ಲದ ಅಂಗಡಿಯವನು ಕೆಜಿಗೆ ಎಪ್ಪತ್ತು ಅಂದ. ಒಂದೂವರೆ ಕೆಜಿಗೆ ಎಷ್ಟು? ಲೆಕ್ಕ ಬರಲಿಲ್ಲ. ಗಣಿತದ ಟೀಚರಿಗೆ! ಬೆವರು ಬೆನ್ನಿಳಿಯಿತು, ನಾಲಿಗೆ ತೊದಲಿತು, ನೋಟು ಹಿಡಿದ ಕೈ ಗಡಗಡ. ಅವನೇ “ಶುಗರ್ ಇದೆಯಾ ಅಮ್ಮ?” ಅಂದು ಅಚ್ಚಿನ ಮೂಲೆ ಮುರಿದು ಕೈಗಿಟ್ಟ. ಹನ್ನೆರಡು ವರ್ಷದ ಮೇಲೆ ತಿಂದ ಬೆಲ್ಲ. ರುಚಿ ಮಾತ್ರ ನೆನಪಿಲ್ಲ. ಆಟೋದಲ್ಲಿ ಮನೆಗೆ ಬಂದು ಚುಚ್ಚಿಕೊಂಡರೆ, ಅಷ್ಟು ತಿಂದ ಮೇಲೂ ಸಕ್ಕರೆ 68.

ವ್ಯಾಯಾಮ ಶುರು ಮಾಡಿದ್ದನ್ನು ನಾನು ಡಾಕ್ಟರಿಗೆ ಹೇಳೇ ಇರಲಿಲ್ಲ. ಬೇಕೆಂದೇ. ಮುಂದಿನ ರಿಪೋರ್ಟನ್ನು ಮುಖಕ್ಕೆ ಹಿಡಿಯೋಣ ಅಂತ. ಗ್ಲಿಮೆಪಿರೈಡ್ ಥರದ ಮಾತ್ರೆಯವರು, ಇನ್ಸುಲಿನ್ ತೆಗೆದುಕೊಳ್ಳುವವರು ನನ್ನ ಹಾಗೆ ಮಾಡಬೇಡಿ: ಮೊದಲು ಹೇಳಿ, ಮಾತ್ರೆಯ ಪ್ರಮಾಣ ನೋಡಿಸಿಕೊಳ್ಳಿ, ಪರ್ಸಿನಲ್ಲಿ ಸಕ್ಕರೆ ಪೊಟ್ಟಣ ಇರಲಿ. ಕಣ್ಣಿನ ಹಿಂಪದರದ ತೊಂದರೆ ಇದ್ದವರು ಉಸಿರು ಕಟ್ಟಿ ಭಾರ ಎತ್ತಬಾರದು.

ಈಗ ಗ್ಲಿಮೆಪಿರೈಡ್ ನಿಂತಿದೆ, ಎಚ್‌ಬಿಎ1ಸಿ 6.8, ತೂಕ 55. ಕಳೆದ ಸಲ ಡಾಕ್ಟರು “ಎರಡು ಕೆಜಿ ಹೆಚ್ಚಾಗಿದೆಯಲ್ಲ” ಅಂತ ಹುಬ್ಬು ಗಂಟಿಕ್ಕಿದರು. ಮುಂದಿನ ಗುರುವಾರ ಮತ್ತೆ ಹೋಗಬೇಕು. ಟೈಲರಿಂಗ್ ಟೇಪನ್ನು ಈಗಲೇ ಬ್ಯಾಗಿಗೆ ಹಾಕಿಟ್ಟಿದ್ದೇನೆ.