ಎರಡು ಚಪ್ಪರದ ಪಾನಕ

ಲಂಡನ್ನಿನಿಂದ ಫೋನು ಮಾಡಿ ಅರ್ಧ ಗಂಟೆ ಗುಡುಗಿದೆಯಲ್ಲ ಮರಿ, ಎಲ್ಲಾ ಕೇಳಿಸಿಕೊಂಡೆ. ಅಲ್ಲಿನ ಕನ್ಸರ್ವೇಟಿವ್ ಪಕ್ಷ ಹಳಸಿದ ಅನ್ನ, ಚೆಲ್ಲಿ ಹೊಸದಾಗಿ ಎಸರಿಡಬೇಕು ಅಂತ ನಿನ್ನ ತೀರ್ಪು. ಕಾಮನ್‌ವೆಲ್ತ್ ದೇಶದವರು ಅಂತ ನಿಮಗೂ ಅಲ್ಲಿ ಓಟಿದೆ, ಮಾತಾಡು. ನನಗೂ ಆ ಪಕ್ಷ ಅಷ್ಟಕ್ಕಷ್ಟೇ. ಆದರೆ ನಿನ್ನ ಆತುರ ನೋಡಿದರೆ ನನ್ನ ಇಪ್ಪತ್ತೆರಡನೇ ವಯಸ್ಸು ನೆನಪಾಗಿ ನಗು ಬರುತ್ತೆ.

ಆಗ ರಾಮನವಮಿ ಸಮಿತಿಯ ಹಿರಿಯರ ಮೇಲೆ ಮುನಿಸಿಕೊಂಡು ನಾವು ಐದಾರು ಹುಡುಗರು ಪಕ್ಕದ ಬೀದಿಯಲ್ಲೇ ಬೇರೆ ಚಪ್ಪರ ಹಾಕಿದೆವು. ಹೊಸ ರಸೀದಿ ಪುಸ್ತಕ, ಹೊಸ ಮೈಕು, ಭಾಷಣ ಜೋರು. ಮಧ್ಯಾಹ್ನ ನೋಡಿದರೆ ಬೆಲ್ಲವೇ ಇಲ್ಲ! ಯಾವ ಮಂಡಿಯವರು ಬೆಲ್ಲ ಕೊಡುತ್ತಾರೆ, ಯಾರ ಹಿತ್ತಲಲ್ಲಿ ದೊಡ್ಡ ಕೊಳದಪ್ಪಲೆ ಇದೆ, ಯಾರ ಬಾಗಿಲಿಗೆ ಸಂಜೆಯೇ ಹೋಗಬೇಕು, ಎಲ್ಲಾ ಆ ಮುದುಕರ ಜಿಡ್ಡು ಹಿಡಿದ ನೋಟ್‌ಬುಕ್ಕಿನಲ್ಲಿತ್ತು. ನಮ್ಮ ಪಾನಕ ಬರೀ ನೀರು. ಅವರ ಪಾನಕ ಹಂಚೋಕೆ ಹುಡುಗರಿಲ್ಲದೆ ಹಂಡೆಯಲ್ಲೇ ಉಳಿಯಿತು. ಆವತ್ತು ಭರ್ಜರಿ ವ್ಯಾಪಾರ ಆದದ್ದು ಮೂಲೆಯ ಸೋಡಾ ಅಂಗಡಿಯವನಿಗೆ.

ಕೆನಡಾದಲ್ಲೂ ಇದೇ ಕತೆ. 1993ರ ಚುನಾವಣೆಯಲ್ಲಿ, ಅಲ್ಲಿವರೆಗೆ ಆಳುತ್ತಿದ್ದ ಪ್ರೋಗ್ರೆಸಿವ್ ಕನ್ಸರ್ವೇಟಿವ್ ಪಕ್ಷ ಎರಡೇ ಎರಡು ಸೀಟಿಗೆ ಬಂತು. ಅದರ ಜಾಗಕ್ಕೆ ಅಂತ ಎದ್ದ ರಿಫಾರ್ಮ್ ಪಕ್ಷಕ್ಕೆ 52. ಸೋಡಾ ಮಾರಿದವರು ಲಿಬರಲ್ಲರು: 1993, 1997, 2000, ಸತತ ಮೂರು ಬಹುಮತ! 2003ರ ಕೊನೆಗೆ ಎರಡೂ ಚಪ್ಪರ ಒಂದಾದವು, 2006ರಲ್ಲಿ ಗದ್ದುಗೆ ಸಿಕ್ಕಿತು. ಒಂದಾದ ಪಕ್ಷಕ್ಕೆ ಇಟ್ಟ ಹೆಸರು? ಕನ್ಸರ್ವೇಟಿವ್!

ನಿನ್ನ ಕಣ್ಣೆದುರೇ 2024ರ ಬ್ರಿಟನ್ ಚುನಾವಣೆಯಲ್ಲಿ ಏನಾಯ್ತು? ಕನ್ಸರ್ವೇಟಿವ್‌ಗೆ 121 ಸೀಟು. ಅದರ ಜಾಗಕ್ಕೆ ಅಂತ ನೀನು ಮೆಚ್ಚಿಕೊಂಡ ರಿಫಾರ್ಮ್ ಯುಕೆಗೆ ನೂರಕ್ಕೆ 14 ಓಟು ಬಿದ್ದರೂ ಸೀಟು ಐದೇ. ಲೇಬರ್ ನೂರಕ್ಕೆ 34 ಓಟಿನಲ್ಲಿ ನಾನೂರು ದಾಟಿತು.

ಹಾಗಂತ ಹಳೇ ಪಕ್ಷ ಸಾಯೋದೇ ಇಲ್ಲ ಅಂತ ನಾನು ಪ್ರಮಾಣ ಮಾಡಲಾರೆ. ಅದೇ ಬ್ರಿಟನ್ನಿನಲ್ಲಿ 1906ರಲ್ಲಿ ಮೆರೆದ ಲಿಬರಲ್ ಪಕ್ಷ, ತನ್ನ ನಾಯಕರಾದ ಆಸ್ಕ್ವಿತ್–ಲಾಯ್ಡ್ ಜಾರ್ಜ್ ಜಗಳದಲ್ಲಿ ಇಬ್ಭಾಗವಾಗಿ, 1924ಕ್ಕೆ 40 ಸೀಟಿಗೆ ಇಳಿಯಿತು. ಆದರೆ ಆ ಜಾಗಕ್ಕೆ ಬಂದ ಲೇಬರ್ ಹಿಂದೆ ಕಾರ್ಮಿಕ ಸಂಘಗಳಿದ್ದವು. ಅವರದೇ ಬೆಲ್ಲ, ಅವರದೇ ನೋಟ್‌ಬುಕ್ಕು. ನಿನ್ನ ರಿಫಾರ್ಮ್‌ನವರೂ 2025ರ ಮೇ ತಿಂಗಳಲ್ಲಿ ಆರುನೂರಕ್ಕೂ ಹೆಚ್ಚು ಕೌನ್ಸಿಲರುಗಳನ್ನು ಗೆಲ್ಲಿಸಿಕೊಂಡರಲ್ಲ, ಆಗಷ್ಟೇ ಮೊದಲ ಪುಟ ಬರೆಯತೊಡಗಿದರು. ಬೀದಿಯ ಚರಂಡಿ, ಕಸದ ದೂರು ಬಂದಾಗ ಅವರು ಫೋನು ಎತ್ತುತ್ತಾರೋ ಇಲ್ಲವೋ, ಒಂದು ವರ್ಷ ನೋಡು. ಆಮೇಲೆ ನನ್ನ ಹತ್ತಿರ ಗುಡುಗು.

ಅಂದಹಾಗೆ, ಆ ಜಿಡ್ಡು ನೋಟ್‌ಬುಕ್ಕು ಈಗ ನನ್ನ ಬೀರುವಿನಲ್ಲಿದೆ. ಮೊನ್ನೆ ಬೀದಿ ಹುಡುಗರು ಬಂದಿದ್ದರು, ಈ ಸಲ ಬೇರೆ ಚಪ್ಪರ ಹಾಕ್ತಾರಂತೆ. ಬೆಲ್ಲ ಎಲ್ಲಿಂದ ತರ್ತೀರೋ ಅಂತ ಕೇಳಿದೆ. ಒಬ್ಬರ ಮುಖ ಒಬ್ಬರು ನೋಡಿಕೊಂಡರು.