ಟಿಕೆಟ್ ಇಲ್ಲದ ಆಟದ ಖರ್ಚು

ವಿದೇಶದಲ್ಲಿ ಕ್ರಿಕೆಟ್ ನೋಡಬೇಕೆಂದರೆ ಮೊದಲ ಪರದಾಟವೇ ಟಿಕೆಟ್‌ದು. ಸೈಕಲ್ ರೇಸ್‌ಗೆ ಆ ತಾಪತ್ರಯವಿಲ್ಲ. ಟೂರ್ ಡಿ ಫ್ರಾನ್ಸ್ ಆಗಲಿ, ಇಟಲಿಯ ಜಿರೋ ಆಗಲಿ, ರಸ್ತೆ ಬದಿಯಲ್ಲಿ ನಿಂತು ನೋಡುವವರು ಒಂದು ಪೈಸೆಯನ್ನೂ ಕೊಡಬೇಕಿಲ್ಲ. ಟಿವಿ ಹಕ್ಕು, ಪ್ರಾಯೋಜಕರು, ರೇಸ್ ನಮ್ಮೂರಿಗೂ ಬರಲಿ ಎಂದು ಹಣ ಕಟ್ಟುವ ಊರುಗಳು, ಇವೇ ಸಂಘಟಕರ ಆದಾಯ. ಪ್ರೇಕ್ಷಕನ ಖರ್ಚೆಲ್ಲ ಅಲ್ಲಿಗೆ ಹೋಗುವುದರಲ್ಲಿ, ಉಳಿಯುವುದರಲ್ಲಿ, ತಿನ್ನುವುದರಲ್ಲಿ. ಹಾಗಾಗಿ ಎಲ್ಲಿ, ಯಾವ ದಿನ ನಿಲ್ಲುತ್ತೇವೆ ಎಂಬುದನ್ನು ಮೊದಲು ತೀರ್ಮಾನಿಸಿದರೆ ಅರ್ಧ ಬಜೆಟ್ ಅಲ್ಲೇ ತೀರ್ಮಾನವಾದಂತೆ.

ದೊಡ್ಡಬಳ್ಳಾಪುರದವನಾದ ನನಗೆ ಈ ಹುಚ್ಚು ಹತ್ತಿದ್ದು ನಂದಿ ಬೆಟ್ಟದ ದೆಸೆಯಿಂದ. ಭಾನುವಾರ ಬೆಳಕು ಹರಿಯುವ ಮೊದಲೇ ಬೆಂಗಳೂರಿನ ಸೈಕಲ್ ಸವಾರರು ದೇವನಹಳ್ಳಿ ದಾಟಿ ಸಾಲುಗಟ್ಟಿ ಬೆಟ್ಟದ ಕಡೆ ಹೋಗುತ್ತಾರೆ. ಅವರ ಹಿಂದೆ ಏದುಸಿರು ಬಿಡುತ್ತಾ ಹತ್ತಿದವನಿಗೆ, ಇದನ್ನೇ ಕಸುಬು ಮಾಡಿಕೊಂಡವರು ಹೇಗೆ ಹತ್ತುತ್ತಾರೆ ಎಂದು ಕಣ್ಣಾರೆ ನೋಡುವ ಆಸೆ ಹುಟ್ಟುವುದು ಸಹಜ.

ಆಸೆ ಮೊದಲು ಓಡಿದ್ದು ಫ್ರಾನ್ಸ್‌ಗೆ. ಲೆಕ್ಕ ಹಾಕಿದೆ. ಜುಲೈ ಎಂದರೆ ಯುರೋಪಿಗೆ ವಿಮಾನ ದರ ಏರಿರುವ ಕಾಲ. ಷೆಂಗೆನ್ ವೀಸಾ ಶುಲ್ಕ 2024ರ ಜೂನ್‌ನಿಂದ 90 ಯೂರೋ. ವೀಸಾ ಸಿಗದಿದ್ದರೂ ಅದು ವಾಪಸ್ ಬರುವುದಿಲ್ಲ. ಕನಿಷ್ಠ 30,000 ಯೂರೋ ರಕ್ಷಣೆಯ ಪ್ರವಾಸ ವಿಮೆ ಕಡ್ಡಾಯ. ರೇಸ್ ಹಾಯುವ ಊರುಗಳಲ್ಲಿ ರೂಮಿನ ಬಾಡಿಗೆ ಬೇರೆ. ಎಷ್ಟೇ ಕೈ ಬಿಗಿ ಹಿಡಿದರೂ ನನ್ನ ಅಂದಾಜು ಎರಡು ಲಕ್ಷಕ್ಕಿಂತ ಕೆಳಗೆ ಇಳಿಯಲಿಲ್ಲ.

ಆಗ ಕಣ್ಣಿಗೆ ಬಿದ್ದದ್ದು ಯುಎಇ ಟೂರ್. ದುಬೈ ಮತ್ತು ಅಬುಧಾಬಿಯ ಎರಡು ರೇಸ್‌ಗಳನ್ನು ಕೂಡಿಸಿ 2019ರಲ್ಲಿ ಶುರುವಾದ ಈ ಏಳು ಹಂತಗಳ ರೇಸ್ ಫೆಬ್ರವರಿಯಲ್ಲಿ ನಡೆಯುತ್ತದೆ. ಇದು ವರ್ಲ್ಡ್ ಟೂರ್ ದರ್ಜೆಯದು, ಅಂದರೆ ಫ್ರಾನ್ಸ್‌ನಲ್ಲಿ ಓಡುವ ದೊಡ್ಡ ತಂಡಗಳೇ ಇಲ್ಲಿಗೂ ಬರುತ್ತವೆ. ದೇವನಹಳ್ಳಿಯಿಂದ ವಿಮಾನದಲ್ಲಿ ನಾಲ್ಕು ತಾಸು. ದೊಡ್ಡಬಳ್ಳಾಪುರದವರಿಗೆ ಮೆಜೆಸ್ಟಿಕ್‌ಗಿಂತ ಏರ್‌ಪೋರ್ಟೇ ಹತ್ತಿರ. ಜೊತೆಗೆ ಶಾರ್ಜಾದಲ್ಲಿ ನಮ್ಮ ಚಿಕ್ಕಪ್ಪನ ಮಗ ಸಂಸಾರ ಹೂಡಿದ್ದಾನೆ. "ಏನಣ್ಣ, ಸೈಕಲ್ ನೋಡೋಕೆ ಅಂತ ಇಷ್ಟು ದೂರ ಬಂದ್ಯಾ?" ಎಂದು ನಕ್ಕ. ಆದರೆ ರೇಸ್ ದಿನ ಕಾರು ತೆಗೆದವನು ಅವನೇ.

ಆರಿಸಿಕೊಂಡದ್ದು 2025ರ ಫೆಬ್ರವರಿ 23, ಕೊನೆಯ ಹಂತ, ಅಲ್ ಐನ್ ಪಕ್ಕದ ಜೆಬೆಲ್ ಹಫೀತ್ ಬೆಟ್ಟ. ಇದರ ಹಿಂದೆ ಒಂದು ಸರಳ ಲೆಕ್ಕವಿದೆ. ಸಮತಟ್ಟಾದ ರಸ್ತೆಯಲ್ಲಿ ಇಡೀ ಗುಂಪು ಗಂಟೆಗೆ 45-50 ಕಿ.ಮೀ. ವೇಗದಲ್ಲಿ ನುಗ್ಗುತ್ತದೆ, ಅರ್ಧ ನಿಮಿಷದಲ್ಲಿ ಎಲ್ಲ ಮುಗಿದುಹೋಗುತ್ತದೆ. ಬೆಟ್ಟದಲ್ಲಿ ವೇಗ ಅರ್ಧಕ್ಕೆ ಇಳಿದು ಗುಂಪು ಚೂರುಚೂರಾಗುತ್ತದೆ. ಒಬ್ಬೊಬ್ಬರ ಮುಖವನ್ನೂ ಸಾವಕಾಶವಾಗಿ ನೋಡಬಹುದು. ಅದೇ ವಿಮಾನ ದರ, ಅದೇ ಊಟದ ಖರ್ಚು. ನೋಟ ಮಾತ್ರ ಹತ್ತಾರು ಪಟ್ಟು.

ಕಾರನ್ನು ಬೆಟ್ಟದ ಬುಡದ ಗ್ರೀನ್ ಮುಬಝರಾ ಪಾರ್ಕಿನಲ್ಲಿ ಬಿಟ್ಟು ರಸ್ತೆ ಮುಚ್ಚುವ ಮೊದಲೇ ನಡೆದು ಹತ್ತಿದೆವು. ಮನೆಯಿಂದ ತಂದ ಪುಳಿಯೋಗರೆ, ಚಕ್ಕುಲಿ, ನೀರು. ಯುರೋಪಿನ ಬೆಟ್ಟಗಳಂತೆ ಇಲ್ಲಿ ಜನಜಾತ್ರೆ ಇಲ್ಲ. ಕಂಬಿ ಪಕ್ಕದಲ್ಲೇ ಜಾಗ ಸಿಕ್ಕಿತು. ಮೊದಲು ಪೊಲೀಸ್ ಬೈಕುಗಳು, ಆಮೇಲೆ ಹೆಲಿಕಾಪ್ಟರ್ ಸದ್ದು, ಅದರ ಹಿಂದೆ, ರೇಸಿನಲ್ಲಿ ಮುಂದಿರುವವನು ತೊಡುವ ಕೆಂಪು ಜೆರ್ಸಿಯಲ್ಲಿ, ಸವಾರ ತಾದೇ ಪೊಗಾಚರ್ ಒಬ್ಬನೇ. ಬಾಯಿ ತೆರೆದಿತ್ತು, ಭುಜ ಮಾತ್ರ ಅಲುಗಾಡಲಿಲ್ಲ. ಆ ಹಂತವನ್ನೂ ಇಡೀ ರೇಸನ್ನೂ ಅವತ್ತು ಗೆದ್ದವನು ಅವನೇ. ನನ್ನನ್ನು ಹೆಚ್ಚು ಹಿಡಿದಿಟ್ಟದ್ದು ಮಾತ್ರ ಬಹಳ ಹೊತ್ತಿನ ನಂತರ ಬಂದ ಕೊನೆಯ ಗುಂಪು. ದಿನವಿಡೀ ತಮ್ಮ ತಂಡದ ನಾಯಕನಿಗಾಗಿ ಗಾಳಿ ಸೀಳಿ, ನೀರು ಹೊತ್ತು ತಂದು ಸೋತವರು. ಕಪ್ಪು ಚಡ್ಡಿಗಳ ಮೇಲೆ ಬೆವರಿನ ಉಪ್ಪು ಬಿಳಿ ಗೆರೆ ಬರೆದಿತ್ತು. ಗೆದ್ದವನು ಬಹುಮಾನದ ಹಣವನ್ನು ತಂಡದವರೊಂದಿಗೆ ಹಂಚಿಕೊಳ್ಳುವ ರೂಢಿ ಈ ಆಟದಲ್ಲಿ ಯಾಕಿದೆ ಎಂಬುದು ಅವರನ್ನು ನೋಡಿದರೆ ತಿಳಿಯುತ್ತದೆ.

ಇನ್ನು ಖರ್ಚಿನ ವಿಷಯ. ಹೋಗಿಬರುವ ವಿಮಾನಕ್ಕೆ 26 ಸಾವಿರ ರೂಪಾಯಿ, ವೀಸಾ ಮತ್ತು ವಿಮೆಗೆ 8 ಸಾವಿರ, ಓಡಾಟ, ಊಟ, ಮಕ್ಕಳಿಗೆ ಚಿಕ್ಕಪುಟ್ಟ ಸಾಮಾನು ಎಲ್ಲ ಸೇರಿ 9 ಸಾವಿರ. ಒಟ್ಟು 43 ಸಾವಿರ. ನೆಂಟರ ಮನೆ ಇಲ್ಲದವರು ರೂಮಿನ ಬಾಡಿಗೆ ಸೇರಿಸಿಕೊಳ್ಳಬೇಕು. ಕಾರಿಲ್ಲದವರಿಗೆ ದುಬೈನಿಂದ ಅಲ್ ಐನ್‌ಗೆ ಸರ್ಕಾರಿ ಬಸ್ಸಿದೆ.

ಹಣ ಸೋರುವ ಜಾಗಗಳು ಮೂರು. ಮೊದಲನೆಯದು ಕಾರ್ಡು. ಅಲ್ ಐನ್‌ನ ಅಂಗಡಿಯೊಂದರಲ್ಲಿ 60 ದಿರ್ಹಂ ಬಿಲ್ಲಿಗೆ ಕಾರ್ಡ್ ಉಜ್ಜಿದಾಗ ಮೆಷಿನ್ ಕೇಳಿತು: ದಿರ್ಹಂನಲ್ಲೋ, ರೂಪಾಯಿಯಲ್ಲೋ? ರೂಪಾಯಿ ಎಂದರೆ ನಮಗೆ ಅರ್ಥವಾಗುವ ಮೊತ್ತ, ಒತ್ತೋಣ ಎನಿಸುತ್ತದೆ. ಒತ್ತಬಾರದು. ಅಲ್ಲಿ ವಿನಿಮಯ ದರ ನಿಗದಿ ಮಾಡುವವರು ತಮ್ಮ ಲಾಭ ಸೇರಿಸಿರುತ್ತಾರೆ. ಯಾವ ದೇಶದಲ್ಲಿದ್ದರೂ ಆ ದೇಶದ ಹಣವನ್ನೇ ಆರಿಸಿ. ಅದರ ಮೇಲೂ ಬಹಳಷ್ಟು ಕ್ರೆಡಿಟ್ ಕಾರ್ಡ್‌ಗಳು ಶೇ 2ರಿಂದ 3.5ರಷ್ಟು ವಿದೇಶಿ ವಹಿವಾಟು ಶುಲ್ಕ, ಆ ಶುಲ್ಕಕ್ಕೆ ಜಿಎಸ್‌ಟಿ ಹಾಕುತ್ತವೆ. ಹೊರಡುವ ಮೊದಲೇ ನಿಮ್ಮ ಕಾರ್ಡಿನ ದರ ತಿಳಿದುಕೊಳ್ಳಿ.

ಎರಡನೆಯದು ಪ್ಯಾಕೇಜು. ದೊಡ್ಡ ರೇಸ್‌ಗಳಿಗೆ ಹೋಟೆಲ್, ವಿಐಪಿ ಪೆಂಡಾಲು ಎಲ್ಲ ಸೇರಿಸಿ ಮಾರುವವರಿದ್ದಾರೆ. ಮೊದಲ ಸಲ ಹೋಗುವವರಿಗೆ ಅದು ಬೇಡ. ಆಟ ನಡೆಯುವುದು ರಸ್ತೆಯಲ್ಲಿ, ಪೆಂಡಾಲಿನಲ್ಲಲ್ಲ. ಪ್ರವಾಸ ಸಂಸ್ಥೆಯಿಂದ ವಿದೇಶ ಪ್ಯಾಕೇಜ್ ಕೊಂಡರೆ ಮೂಲದಲ್ಲೇ ತೆರಿಗೆ ವಸೂಲಿಯೂ (ಟಿಸಿಎಸ್) ಇದೆ. ಆ ಹಣ ನಿಮ್ಮ ಪ್ಯಾನ್ ಲೆಕ್ಕಕ್ಕೇ ಜಮೆಯಾಗುವುದರಿಂದ ಆದಾಯ ತೆರಿಗೆ ರಿಟರ್ನ್ ಸಲ್ಲಿಸುವಾಗ ಮರೆಯದೆ ಹಿಂಪಡೆಯಿರಿ.

ಮೂರನೆಯದು, ಎಲ್ಲಕ್ಕಿಂತ ದೊಡ್ಡದು, ಸಾಲ. "ಈಗ ಹೋಗಿ, ಆಮೇಲೆ ಕಟ್ಟಿ" ಎನ್ನುವವರು ಬೇಕಾದಷ್ಟು ಜನ. 2 ಲಕ್ಷ ರೂಪಾಯಿ ವೈಯಕ್ತಿಕ ಸಾಲವನ್ನು ಶೇ 14ರ ಬಡ್ಡಿಯಲ್ಲಿ ಎರಡು ವರ್ಷಕ್ಕೆ ತೆಗೆದರೆ ತಿಂಗಳ ಕಂತು ಸುಮಾರು 9,600. ಒಟ್ಟು ಬಡ್ಡಿ 30 ಸಾವಿರ ದಾಟುತ್ತದೆ. ಅಂದರೆ ಫ್ರಾನ್ಸ್‌ಗೆ ಸಾಲದಲ್ಲಿ ಹೋದವನು ಕಟ್ಟುವ ಬಡ್ಡಿಯಲ್ಲೇ ಇನ್ನೊಬ್ಬನ ದುಬೈ ವಿಮಾನದ ಖರ್ಚು ಹೊರಟುಹೋಗುತ್ತದೆ. ಅದರ ಬದಲು ತಿಂಗಳಿಗೆ 4 ಸಾವಿರದಂತೆ ಒಂದು ವರ್ಷ ಬ್ಯಾಂಕಿನಲ್ಲಿ ಆರ್‌ಡಿ ಕಟ್ಟಿದರೆ ಅಸಲೇ 48 ಸಾವಿರ. ಯುಎಇ ಪ್ರವಾಸ ಬಡ್ಡಿಯನ್ನು ಮುಟ್ಟದೆ ಮುಗಿಯುತ್ತದೆ.

ಫ್ರಾನ್ಸ್ ಬೇಡವೆಂದು ನಾನು ಹೇಳುತ್ತಿಲ್ಲ. ಅಲ್ಲಿನ ಹಾದಿಯನ್ನು ಹಿಂದಿನ ವರ್ಷದ ಅಕ್ಟೋಬರ್ ಹೊತ್ತಿಗೇ ಪ್ರಕಟಿಸುತ್ತಾರೆ; ಒಂದು ಬೆಟ್ಟ ಆರಿಸಿಕೊಂಡು ವೀಸಾ, ವಿಮಾನ, ರೂಮು ನೋಡಿಕೊಳ್ಳಲು ಎಂಟು ತಿಂಗಳು ಕೈಯಲ್ಲಿರುತ್ತದೆ. ಆದರೆ ಆ ಎರಡು ಲಕ್ಷ ಕೂಡುವವರೆಗೆ ಕಾಯಿರಿ. ಕೂಡಿಟ್ಟ ದುಡ್ಡಲ್ಲಿ ಹೋಗಿ, ಬೆಟ್ಟದಲ್ಲೇ ನಿಲ್ಲಿ, ಬುತ್ತಿ ಕಟ್ಟಿಕೊಂಡು ಹೋಗಿ.